ದೂರು ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕು?

2024ರಲ್ಲಿ ಜೈಲುಗಳ ಬಗ್ಗೆ ಎರಡು ದೊಡ್ಡ ಸುದ್ದಿ ಬಂದವು. ಜುಲೈನಲ್ಲಿ ಅಮೆರಿಕ ತನ್ನ ಕೇಂದ್ರ ಸರ್ಕಾರದ ಜೈಲುಗಳಿಗೆ ಹೊಸ ಕಾಯ್ದೆ ತಂದಿತು. ಜೈಲು ಇಲಾಖೆಗೆ ಸೇರದ ಅಧಿಕಾರಿಗಳು ಬಂದು ತಪಾಸಣೆ ಮಾಡಬೇಕು, ಕೈದಿಗಳು ಮತ್ತು ಅವರ ಮನೆಯವರ ದೂರು ಕೇಳಲು ಒಬ್ಬ ಒಂಬುಡ್ಸ್‌ಮನ್ ಇರಬೇಕು ಎನ್ನುತ್ತದೆ ಆ ಕಾಯ್ದೆ. ಅಕ್ಟೋಬರ್ 3ರಂದು ಭಾರತದ ಸುಪ್ರೀಂ ಕೋರ್ಟ್, ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ಗುಡಿಸುವ ಕೆಲಸ ಯಾವ ಜಾತಿಗೆ, ಅಡುಗೆ ಯಾವ ಜಾತಿಗೆ ಎಂದು ಹಲವು ರಾಜ್ಯಗಳ ಜೈಲು ಕೈಪಿಡಿಯಲ್ಲೇ ಬರೆದಿತ್ತು. ಕೈಪಿಡಿ ತಿದ್ದಲು ಕೋರ್ಟ್ ಮೂರು ತಿಂಗಳು ಕೊಟ್ಟಿತು. ತಾರತಮ್ಯ ನಿಂತಿದೆಯಾ ಎಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಜೈಲಿಗೆ ಭೇಟಿ ಕೊಡಲೆಂದೇ ನೇಮಿಸಿದ ಸಂದರ್ಶಕರ ಮಂಡಳಿ ಜೊತೆಯಾಗಿ ಹೋಗಿ ನೋಡಬೇಕು ಎಂದೂ ಹೇಳಿತು.

ಇಂಥ ಸುದ್ದಿ ಬಂದಾಗಲೆಲ್ಲ ಓದುಗರಲ್ಲಿ ಒಂದು ಅನುಮಾನ ಏಳುತ್ತದೆ. ಜೈಲು ಹೇಗಿರಬೇಕು ಅಂತ ಕೈದಿಗಳನ್ನು ಕೇಳಬೇಕಾ? ಅದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಲ್ವಾ?

ಈ ಅನುಮಾನವನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ. ಆದರೆ ಅದರೊಳಗೆ ಎರಡು ಬೇರೆ ವಿಷಯಗಳು ಕಲಸಿಕೊಂಡಿವೆ. ಮೊದಲು ಅವನ್ನು ಬಿಡಿಸಿ ನೋಡೋಣ.

ಮಾತು ಬೇರೆ, ಲಾಠಿ ಬೇರೆ

ಒಬ್ಬ ಕೈದಿಗೆ ಮಾತಾಡುವ ಅವಕಾಶ ಕೊಡುವುದು ಒಂದು. ಅವನಿಗೆ ಇನ್ನೊಬ್ಬ ಕೈದಿಯ ಮೇಲೆ ಅಧಿಕಾರ ಕೊಡುವುದು ಇನ್ನೊಂದು. ಜನ ಹೆದರುವುದು ಎರಡನೆಯದಕ್ಕೆ. ಹೆದರುವುದರಲ್ಲಿ ತಪ್ಪೇನೂ ಇಲ್ಲ. ವಿಚಿತ್ರ ಏನೆಂದರೆ, ಜೈಲು ಆಡಳಿತಗಳು ಬಹಳ ಕಾಲ ಎರಡನೆಯದನ್ನೇ ಧಾರಾಳವಾಗಿ ಕೊಟ್ಟು ಮೊದಲನೆಯದನ್ನು ತಡೆದಿದ್ದವು.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 'ಬಿಲ್ಡಿಂಗ್ ಟೆಂಡರ್' ಎಂಬ ಕೈದಿಗಳಿದ್ದರು. ಬ್ಯಾರಕ್‌ನಲ್ಲಿ ಶಿಸ್ತು ಕಾಯುವುದು, ತಿರುಗಿ ಮಾತಾಡಿದವರಿಗೆ ಹೊಡೆಯುವುದು, ಒಳಗಿನ ಸುದ್ದಿಯನ್ನು ಅಧಿಕಾರಿಗಳಿಗೆ ಮುಟ್ಟಿಸುವುದು, ಎಲ್ಲ ಅವರದೇ ಕೆಲಸ. ಕೆಲವರ ಕೈಯಲ್ಲಿ ಆಯುಧವೂ ಇರುತ್ತಿತ್ತು. ಸಿಬ್ಬಂದಿ ಕಡಿಮೆ, ಕೈದಿಗಳು ಜಾಸ್ತಿ, ಹಾಗಾಗಿ ಸರ್ಕಾರಕ್ಕೆ ಇದು ಅಗ್ಗದ ದಾರಿಯಾಗಿತ್ತು. ಭಾರತದ 1894ರ ಜೈಲು ಕಾಯ್ದೆಯಲ್ಲೂ ಕೈದಿಗಳನ್ನೇ ಜೈಲಿನ ಅಧಿಕಾರಿಗಳಾಗಿ ನೇಮಿಸುವ ಪದ್ಧತಿಗೆ ಜಾಗ ಇದೆ. ಹಾಗೆ ನೇಮಕವಾದವರನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕು ಎಂದು ಅದರ 23ನೇ ಕಲಂ ಹೇಳುತ್ತದೆ.

ಇದರ ಬಗ್ಗೆ ವಿಶ್ವಸಂಸ್ಥೆಯ ನಿಲುವು ಸ್ಪಷ್ಟ. 2015ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 40ನೆಯದು, ಶಿಸ್ತು ಕ್ರಮದ ಕೆಲಸಕ್ಕೆ ಯಾವ ಕೈದಿಯನ್ನೂ ಬಳಸಬಾರದು ಎನ್ನುತ್ತದೆ. 56ನೆಯದು, ಪ್ರತಿ ಕೈದಿಗೂ ದಿನಾಲೂ ಮನವಿ ಅಥವಾ ದೂರು ಕೊಡುವ ಅವಕಾಶ ಇರಬೇಕು, ತಪಾಸಣೆಗೆ ಬಂದವರ ಜೊತೆ ಜೈಲಿನ ಸಿಬ್ಬಂದಿ ಇಲ್ಲದ ಕಡೆ ಮಾತಾಡಲು ಬಿಡಬೇಕು ಎನ್ನುತ್ತದೆ. ಅಂದರೆ ಕೈದಿಯ ಕೈಗೆ ಲಾಠಿ ಬೇಡ, ಬಾಯಿಗೆ ಬೀಗವೂ ಬೇಡ.

ಒಳಗಿಂದ ಬಂದ ಕಾಗದಗಳು

ತಪಾಸಣೆಗೆ ಅಧಿಕಾರಿಗಳು ಇದ್ದಾರಲ್ಲ, ನ್ಯಾಯಾಧೀಶರು ಹೋಗಿ ಬರುತ್ತಾರಲ್ಲ, ಕೈದಿಗಳನ್ನೇ ಯಾಕೆ ಕೇಳಬೇಕು? ಕಾರಣ ಸರಳ. ತಪಾಸಣೆ ಇದೆ ಎಂದು ಗೊತ್ತಾದರೆ ಅಂಗಳ ಗುಡಿಸಿರುತ್ತಾರೆ, ಗೋಡೆಗೆ ಸುಣ್ಣ ಬಳಿದಿರುತ್ತಾರೆ, ಆಸ್ಪತ್ರೆಯ ಹಾಸಿಗೆಗೆ ಹೊಸ ಬೆಡ್‌ಶೀಟ್ ಬಂದಿರುತ್ತದೆ. ಬಂದವರು ಎರಡು ಗಂಟೆ ಇದ್ದು ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಒಬ್ಬನಿಗೆ ಎದೆನೋವು ಬಂದರೆ ಬಾಗಿಲು ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ? ಅಳತೆಯ ಊಟದಲ್ಲಿ ತಟ್ಟೆಗೆ ಎಷ್ಟು ಬೀಳುತ್ತದೆ? ಮನೆಯವರು ನೋಡಲು ಬಂದಾಗ ಯಾರಿಗೆ ದುಡ್ಡು ಕೊಡಬೇಕು? ಇದು ಯಾವ ರಿಜಿಸ್ಟರ್‌ನಲ್ಲೂ ಸಿಗುವುದಿಲ್ಲ. ಒಳಗೆ ದಿನ ಕಳೆಯುವವರಿಗೆ ಮಾತ್ರ ಗೊತ್ತು.

ಭಾರತದ ಜೈಲು ಕಾನೂನಿನ ಅತಿ ಮುಖ್ಯ ತೀರ್ಪುಗಳಲ್ಲೊಂದು ಶುರುವಾದದ್ದೇ ಹೀಗೆ. ದೆಹಲಿಯ ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಒಳಗಾಗಿದ್ದ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದರು. ಪತ್ರ ತಮ್ಮ ಬಗ್ಗೆ ಇರಲಿಲ್ಲ. ಇನ್ನೊಬ್ಬ ಕೈದಿಯ ಮನೆಯವರಿಂದ ದುಡ್ಡು ಕೀಳಲು ವಾರ್ಡರ್ ಒಬ್ಬ ಆ ಕೈದಿಗೆ ಕೋಲಿನಿಂದ ಕ್ರೂರ ಹಿಂಸೆ ಕೊಟ್ಟಿದ್ದಾನೆ ಎಂದು ಬರೆದಿದ್ದರು. ಕೋರ್ಟ್ ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡಿತು. ಇಬ್ಬರು ವಕೀಲರನ್ನು ನೇಮಿಸಿ ಜೈಲಿನೊಳಗೆ ಕಳಿಸಿತು. ಅವರು ಗಾಯಗೊಂಡ ಕೈದಿಯನ್ನು ಕಂಡರು, ದಾಖಲೆ ನೋಡಿದರು. 1979ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಲ್ಲಿ ಒಂದು ಪುಟ್ಟ ಆದೇಶ ಇದೆ. ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಬೇಕು. ಆ ಪೆಟ್ಟಿಗೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದಂತೆ ನಡೆಯಬೇಕು. ಎಲ್ಲ ಕೈದಿಗಳ ಕೈಗೂ ಅದು ಎಟುಕಬೇಕು.

ಪೆಟ್ಟಿಗೆ ಜೈಲಿನೊಳಗೆ, ಅದರ ಹಿಡಿತ ಜೈಲಿನ ಹೊರಗೆ. ಈ ಇಡೀ ವಿಷಯದ ತಿರುಳು ಇಲ್ಲಿದೆ ಎಂದು ನನಗನಿಸುತ್ತದೆ.

ಬೆಂಗಳೂರಿನ ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರವೂ ಹೀಗೆಯೇ ಪ್ರಕರಣವಾಯಿತು. ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಭಾರತದ ಜೈಲುಗಳ ಒಂಬತ್ತು ಮುಖ್ಯ ಸಮಸ್ಯೆಗಳನ್ನು ಗುರುತಿಸಿತು. ಕಿಕ್ಕಿರಿದ ಬ್ಯಾರಕ್, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಊಟ ಬಟ್ಟೆಯ ಕೊರತೆ, ಮನೆಯವರ ಜೊತೆಗಿನ ಸಂಪರ್ಕದ ಕೊರತೆ ಅದರಲ್ಲಿ ಸೇರಿದ್ದವು.

ಟೆಕ್ಸಾಸ್ ವಿಷಯಕ್ಕೂ ಇದೇ ಥರದ ಆರಂಭ. ಡೇವಿಡ್ ರೂಯಿಜ್ ಎಂಬ ಕೈದಿ 1972ರಲ್ಲಿ ಕೈಯಲ್ಲೇ ಅರ್ಜಿ ಬರೆದು ಕೋರ್ಟಿಗೆ ಕಳಿಸಿದರು. ವಿಚಾರಣೆ 159 ದಿನ ನಡೆಯಿತು, 349 ಸಾಕ್ಷಿಗಳು ಮಾತಾಡಿದರು. 1980ರಲ್ಲಿ ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ ಇಡೀ ರಾಜ್ಯದ ಜೈಲು ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದರು. ಬಿಲ್ಡಿಂಗ್ ಟೆಂಡರ್ ಪದ್ಧತಿ ಹೋಯಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಕೈದಿಗಳನ್ನು ಕೆಲಸದಿಂದ ತೆಗೆದ ಮೇಲೆ ಅವರ ಜಾಗಕ್ಕೆ ಸಾಕಷ್ಟು ಸಿಬ್ಬಂದಿ ಬೇಗ ಬರಲಿಲ್ಲ. ಖಾಲಿಯಾದ ಜಾಗವನ್ನು ಗ್ಯಾಂಗುಗಳು ತುಂಬಿದವು. 1984 ಮತ್ತು 1985, ಈ ಎರಡೇ ವರ್ಷದಲ್ಲಿ ಟೆಕ್ಸಾಸ್ ಜೈಲುಗಳಲ್ಲಿ 52 ಕೈದಿಗಳ ಕೊಲೆಯಾಯಿತು. ಸುಧಾರಣೆಯನ್ನು ಬೆಂಬಲಿಸುವವರು ಈ ಭಾಗವನ್ನು ನುಂಗಿಕೊಳ್ಳಬಾರದು. ದೂರು ಸರಿಯಿತ್ತು, ತೀರ್ಪೂ ಸರಿಯಿತ್ತು. ಜಾರಿಗೆ ಬೇಕಾದ ಜನ, ದುಡ್ಡು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅದರ ಬೆಲೆ ತೆತ್ತವರು ಮತ್ತೆ ಕೈದಿಗಳೇ.

ಕೇಳದೇ ಹೋದಾಗ ಏನಾಯಿತು

ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನಲ್ಲಿ 1971ರಲ್ಲಿ ಸುಮಾರು 2,200 ಕೈದಿಗಳಿದ್ದರು. ವಾರಕ್ಕೊಂದು ಸ್ನಾನ, ತಿಂಗಳಿಗೊಂದು ಸುರುಳಿ ಟಾಯ್ಲೆಟ್ ಪೇಪರ್. ಆ ಬೇಸಿಗೆಯಲ್ಲಿ ಐವರು ಕೈದಿಗಳು ಇಪ್ಪತ್ತಕ್ಕೂ ಹೆಚ್ಚು ಬೇಡಿಕೆಗಳ ಪಟ್ಟಿ ಮಾಡಿ ರಾಜ್ಯದ ಜೈಲು ಕಮಿಷನರ್ ಮತ್ತು ಗವರ್ನರ್‌ಗೆ ಕಳಿಸಿದರು. ವೈದ್ಯಕೀಯ ಚಿಕಿತ್ಸೆ, ಊಟ, ಕೂಲಿ, ಪೆರೋಲ್ ಪದ್ಧತಿ, ಹೀಗೆ ದಿನಬಳಕೆಯ ವಿಷಯಗಳೇ ಅದರಲ್ಲಿದ್ದವು. ಹೇಳಿಕೊಳ್ಳುವಂಥ ಬದಲಾವಣೆ ಬರಲಿಲ್ಲ. ಸೆಪ್ಟೆಂಬರ್ 9ರಂದು ದಂಗೆ ಎದ್ದಿತು. ಸುಮಾರು 1,300 ಕೈದಿಗಳು ಜೈಲಿನ ಒಂದು ಭಾಗ ಹಿಡಿದುಕೊಂಡರು, ಸಿಬ್ಬಂದಿಯನ್ನು ಒತ್ತೆ ಇಟ್ಟುಕೊಂಡರು. 13ರಂದು ಪೊಲೀಸರು ಗುಂಡು ಹಾರಿಸಿ ಜೈಲನ್ನು ಮರಳಿ ಪಡೆದರು. ಒಟ್ಟು 43 ಜನ ಸತ್ತರು. ಅವರಲ್ಲಿ 39 ಜನರ ಜೀವ ಹೋದದ್ದು ಆ ಕೊನೆಯ ದಿನದ ಗುಂಡಿನಿಂದ. ಆ 39ರಲ್ಲಿ 10 ಜನ ಒತ್ತೆಯಾಳುಗಳು.

ಅಂಗಳದಲ್ಲಿ ಕಳೆದ ಆ ನಾಲ್ಕು ದಿನಗಳಲ್ಲಿ ಒಂದು ಸಂಗತಿ ಗಮನಿಸುವಂಥದ್ದು. ಕೈದಿಗಳು ಬ್ಲಾಕ್‌ವಾರು ಪ್ರತಿನಿಧಿಗಳನ್ನು ಆರಿಸಿಕೊಂಡಿದ್ದರು. ಹೊರಗಿನ ವೀಕ್ಷಕರು ಬಂದು ನೋಡಲಿ ಎಂದು ಕೇಳಿದ್ದರು. ಮಾತುಕತೆಗೆ ಬೇಕಾದ ವ್ಯವಸ್ಥೆಯನ್ನು ಅವರು ದಂಗೆಯ ನಡುವೆ ಕಟ್ಟಿಕೊಳ್ಳಬೇಕಾಯಿತು. ಅದು ಮೊದಲೇ ಇದ್ದಿದ್ದರೆ ಎಂಬ ಪ್ರಶ್ನೆ ಈಗಲೂ ಉಳಿದಿದೆ. 1975ರಲ್ಲಿ ನ್ಯೂಯಾರ್ಕ್ ಒಂದು ಉತ್ತರ ಕೊಟ್ಟಿತು. ಪ್ರತಿ ಜೈಲಿನಲ್ಲೂ ಕುಂದುಕೊರತೆ ಸಮಿತಿ ಇರಬೇಕು ಎಂದು ಕಾನೂನು ಮಾಡಿತು. ಅದರಲ್ಲಿ ಐದು ಜನ. ಮತ ಹಾಕುವ ನಾಲ್ವರಲ್ಲಿ ಇಬ್ಬರು ಕೈದಿಗಳು. ಅಧ್ಯಕ್ಷರಿಗೆ ಮತ ಇಲ್ಲ.

ಕೆನಡಾದ ಕಿಂಗ್‌ಸ್ಟನ್ ಜೈಲಿನಲ್ಲೂ 1971ರಲ್ಲೇ ದಂಗೆಯಾಯಿತು. 1973ರಲ್ಲಿ ಅಲ್ಲಿ ಕೈದಿಗಳ ದೂರು ಕೇಳಲೆಂದೇ ಸ್ವತಂತ್ರ ತನಿಖಾಧಿಕಾರಿಯ ಹುದ್ದೆ ಬಂತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸ್ಟ್ರೇಂಜ್‌ವೇಸ್ ಜೈಲು 970 ಜನರಿಗೆಂದು ಇದ್ದದ್ದು, ಅದರಲ್ಲಿ 1,647 ಜನರನ್ನು ತುಂಬಿದ್ದರು. ಸೆಲ್‌ನಲ್ಲಿ ಶೌಚಾಲಯ ಇಲ್ಲ. ರಾತ್ರಿಯೆಲ್ಲ ಬಕೆಟ್ ಬಳಸಿ ಬೆಳಗ್ಗೆ ಸಾಲಿನಲ್ಲಿ ನಿಂತು ಚೆಲ್ಲಬೇಕಿತ್ತು. 1990ರ ಏಪ್ರಿಲ್ 1ರಂದು ಪ್ರಾರ್ಥನಾ ಮಂದಿರದಲ್ಲಿ ಶುರುವಾದ ಗಲಭೆ 25 ದಿನ ನಡೆಯಿತು. ತನಿಖೆ ನಡೆಸಿದ ನ್ಯಾಯಾಧೀಶ ವುಲ್ಫ್, ಕೈದಿಗಳೂ ಸಿಬ್ಬಂದಿಯೂ ತಮಗೆ ಪತ್ರ ಬರೆಯಲಿ ಎಂದು ಕೇಳಿದರು. ದೂರು ಕೇಳುವ ವ್ಯವಸ್ಥೆಯಲ್ಲಿ ಸ್ವತಂತ್ರರಾದವರು ಯಾರೂ ಇಲ್ಲ ಎಂಬುದು 1991ರ ಅವರ ವರದಿಯ ಮುಖ್ಯ ಮಾತುಗಳಲ್ಲೊಂದು. 1994ರಲ್ಲಿ ಜೈಲು ಒಂಬುಡ್ಸ್‌ಮನ್ ಬಂದರು. 1996ರ ಹೊತ್ತಿಗೆ ಬಕೆಟ್ ಪದ್ಧತಿ ನಿಂತಿತು.

ಮೂರು ಕಡೆಯೂ ಒಂದೇ ಸರಪಳಿ. ಮೊದಲು ಸಣ್ಣ ಸಣ್ಣ ದೂರುಗಳು. ಉತ್ತರ ಇಲ್ಲ. ದೂರು ಕೊಟ್ಟರೆ ಪ್ರಯೋಜನ ಇಲ್ಲ ಎಂಬ ನಂಬಿಕೆ. ಆಮೇಲೆ ಸ್ಫೋಟ. ಅದಾದ ಮೇಲೆ ಆಯೋಗ. ಕೊನೆಗೆ ಆಯೋಗ ಹೇಳುವುದು ಕೈದಿಗಳು ಮೊದಲೇ ಹೇಳಿದ್ದನ್ನೇ.

ಒಪ್ಪದವರ ಮಾತಿನಲ್ಲೂ ಹುರುಳಿದೆ

ಮೊದಲ ಆಕ್ಷೇಪ ಅಪರಾಧಕ್ಕೆ ಬಲಿಯಾದವರ ಕಡೆಯಿಂದ ಬರುತ್ತದೆ. ನನ್ನ ಮಗನನ್ನು ಕೊಂದವನಿಗೆ ಊಟ ಸರಿಯಿಲ್ಲ ಎನ್ನುವ ಹಕ್ಕು ಯಾಕೆ ಎಂದು ಒಬ್ಬ ತಾಯಿ ಕೇಳಿದರೆ ಆ ನೋವಿಗೆ ಕಾನೂನಿನ ಭಾಷೆಯಲ್ಲಿ ಉತ್ತರ ಕೊಡಲಾಗುವುದಿಲ್ಲ. ಆದರೆ ಒಂದು ಮಾತು ಹೇಳಬಹುದು. ಕೋರ್ಟ್ ಕೊಡುವ ಶಿಕ್ಷೆ ಸ್ವಾತಂತ್ರ್ಯ ಕಳೆದುಕೊಳ್ಳುವುದು. ವಾರ್ಡರ್ ಕೈಯ ಏಟು, ಸಿಗದ ಔಷಧಿ ಆ ಶಿಕ್ಷೆಯ ಭಾಗ ಅಲ್ಲ. ಅಲ್ಲದೆ ಒಳಗಿರುವವರೆಲ್ಲ ಶಿಕ್ಷೆಯಾದವರೂ ಅಲ್ಲ. ಭಾರತದಲ್ಲಿ 2022ರ ಕೊನೆಗೆ 5,73,220 ಜನ ಜೈಲಿನಲ್ಲಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಜೈಲುಗಳು ಸಾಮರ್ಥ್ಯದ ಶೇ. 131ರಷ್ಟು ತುಂಬಿದ್ದವು.

ಎರಡನೆಯ ಆಕ್ಷೇಪ ಸಿಬ್ಬಂದಿಯದು. ಕೈದಿಗಳು ಸಂಘಟಿತರಾದರೆ ವಾರ್ಡರ್ ಮಾತಿಗೆ ಬೆಲೆ ಇರುವುದಿಲ್ಲ ಎಂಬ ಭಯ. ಅಮೆರಿಕದ ಸುಪ್ರೀಂ ಕೋರ್ಟ್ 1977ರಲ್ಲಿ ಇದನ್ನು ಒಪ್ಪಿತು. ನಾರ್ತ್ ಕೆರೊಲಿನಾದಲ್ಲಿ ಕೈದಿಗಳು ಒಂದು ಕಾರ್ಮಿಕ ಸಂಘ ಕಟ್ಟಿಕೊಂಡಿದ್ದರು. ಅದರ ಸಭೆ ನಡೆಸುವುದನ್ನೂ ಸದಸ್ಯರನ್ನು ಸೇರಿಸಿಕೊಳ್ಳುವುದನ್ನೂ ಜೈಲು ನಿಷೇಧಿಸಬಹುದು ಎಂದು ಕೋರ್ಟ್ ಹೇಳಿತು. ಭದ್ರತೆಯ ವಿಷಯದಲ್ಲಿ ಅಧಿಕಾರಿಗಳ ತೀರ್ಮಾನಕ್ಕೆ ಜಾಸ್ತಿ ಬೆಲೆ ಕೊಡಬೇಕು ಎಂಬುದು ಅದರ ತರ್ಕ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದೇ ಗಾಳಿಯಾಡದ ಬ್ಯಾರಕ್‌ನಲ್ಲಿ ವಾರ್ಡರ್ ಕೂಡ ದಿನಕ್ಕೆ ಎಂಟು, ಹತ್ತು ಗಂಟೆ ನಿಲ್ಲುತ್ತಾನೆ. ಸಿಬ್ಬಂದಿ ಕೊರತೆ ಇದ್ದರೆ ಕೈದಿಯ ಆಸ್ಪತ್ರೆ ಭೇಟಿ ತಪ್ಪುತ್ತದೆ, ವಾರ್ಡರ್‌ನ ರಜೆಯೂ ತಪ್ಪುತ್ತದೆ. ಕೈದಿಗಳ ದೂರಿನ ಪಟ್ಟಿಯಲ್ಲಿ ಅರ್ಧದಷ್ಟನ್ನು ಸಿಬ್ಬಂದಿಯೇ ಬರೆದಿದ್ದಾರೆ ಎಂದರೂ ನಂಬಬಹುದು.

ಎಲ್ಲರ ಪರವಾಗಿ ಮಾತಾಡುವವರು ಯಾರು?

ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟ ಇಲ್ಲಿದೆ. ಪ್ರತಿನಿಧಿ ಬೇಕು ಎಂದ ಕೂಡಲೇ ಮುಂದೆ ಬರುವವರು ಯಾರು? ಚೆನ್ನಾಗಿ ಮಾತಾಡಬಲ್ಲವರು, ದೊಡ್ಡ ಶಿಕ್ಷೆಯಾಗಿ ಜೈಲಿನಲ್ಲೇ ಬೇರು ಬಿಟ್ಟವರು, ಕೆಲವು ಕಡೆ ಗ್ಯಾಂಗಿನ ಬಲ ಇರುವವರು. ಓದು ಬರಹ ಬಾರದವರು, ಆ ಪ್ರದೇಶದ ಭಾಷೆ ಗೊತ್ತಿಲ್ಲದವರು, ಕಾಯಿಲೆ ಬಿದ್ದವರು, ಮೂರು ತಿಂಗಳಲ್ಲಿ ಜಾಮೀನು ಸಿಕ್ಕಿ ಹೋಗುವವರು ಹಿಂದೆ ಉಳಿಯುತ್ತಾರೆ. ಮಹಿಳಾ ಕೈದಿಗಳ ಸಂಖ್ಯೆ ಎಲ್ಲ ಕಡೆಯೂ ಕಡಿಮೆ. ಹಾಗಾಗಿ ಗರ್ಭಿಣಿಯ ಚಿಕಿತ್ಸೆ, ಮುಟ್ಟಿನ ಬಟ್ಟೆ, ಜೊತೆಗಿರುವ ಮಗುವಿನ ಹಾಲು, ಇವು ಪಟ್ಟಿಯ ಕೊನೆಗೆ ಜಾರುತ್ತವೆ.

ಇಷ್ಟಾದರೂ ಪ್ರತಿನಿಧಿ ಬೇಡ ಎನ್ನುವುದು ಪರಿಹಾರ ಅಲ್ಲ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಪ್ರತಿಯೊಬ್ಬ ಕೈದಿ ತನ್ನ ದೂರನ್ನು ಮಾತ್ರ ಹೇಳಬೇಕಿತ್ತು, ಬೇರೆಯವರ ಪರವಾಗಿ ಮಾತಾಡುವಂತಿರಲಿಲ್ಲ. 1967ರಲ್ಲಿ ಸಂಸದೆ ಹೆಲೆನ್ ಸುಜ್‌ಮನ್ ಅಲ್ಲಿಗೆ ಹೋದರು. ಸಾಲಾಗಿದ್ದ ಸೆಲ್‌ಗಳ ಮುಂದೆ ನಿಂತು ಏನಾದರೂ ದೂರು ಇದೆಯಾ ಎಂದು ಕೇಳುತ್ತ ಹೋದರು. ದೂರುಗಳು ಬೇಕಾದಷ್ಟಿವೆ, ಆದರೆ ನಮ್ಮ ಪರವಾಗಿ ಮಾತಾಡುವವರು ಆ ಕೊನೆಯ ಸೆಲ್‌ನಲ್ಲಿದ್ದಾರೆ ಎಂದು ಕೈದಿಗಳು ಹೇಳಿದರು. ಕೊನೆಯ ಸೆಲ್‌ನಲ್ಲಿ ಇದ್ದವರು ಮಂಡೇಲಾ. ಅವರು ಅಧಿಕಾರಿಗಳ ಎದುರೇ ಕೆಲಸದ ಹೊರೆ, ಊಟ, ಬಟ್ಟೆಯ ಬಗ್ಗೆ ಹೇಳಿದರು. ಕೈ ಮೇಲೆ ಸ್ವಸ್ತಿಕ, ನಾಜಿಗಳ ಗುರುತು, ಹಚ್ಚೆ ಹಾಕಿಸಿಕೊಂಡಿದ್ದ ಒಬ್ಬ ವಾರ್ಡರ್‌ನ ಕಿರುಕುಳವನ್ನೂ ಹೇಳಿದರು. ಸ್ವಲ್ಪ ದಿನಗಳಲ್ಲೇ ಆ ವಾರ್ಡರ್‌ಗೆ ವರ್ಗಾವಣೆಯಾಯಿತು. ಒಬ್ಬೊಬ್ಬರೇ ಹೇಳಿದ್ದರೆ ಅದು ಒಬ್ಬೊಬ್ಬರ ಗೊಣಗಾಟ ಆಗುತ್ತಿತ್ತು. ಒಬ್ಬರ ಬಾಯಲ್ಲಿ ಎಲ್ಲರದೂ ಬಂದಾಗ ಅದು ಜೈಲಿನ ಸ್ಥಿತಿಯ ವರದಿಯಾಯಿತು.

ಹಾಗಾಗಿ ಎರಡೂ ದಾರಿ ಬೇಕು. ಕೆನಡಾದ 1992ರ ಕಾಯ್ದೆಯ 74ನೇ ಕಲಂ, ಎಲ್ಲ ಕೈದಿಗಳಿಗೂ ಅಥವಾ ಒಂದು ಗುಂಪಿಗೆ ತಟ್ಟುವ ತೀರ್ಮಾನಗಳಲ್ಲಿ ಕೈದಿಗಳಿಗೆ ಅಭಿಪ್ರಾಯ ಹೇಳುವ ಅವಕಾಶ ಕೊಡಲೇಬೇಕು ಎನ್ನುತ್ತದೆ. ಭದ್ರತೆಯ ವಿಷಯ ಮಾತ್ರ ಅದರಿಂದ ಹೊರಗೆ. ಈ ಗೆರೆ ಸರಿಯಾಗಿದೆ. ಇಂಗ್ಲೆಂಡಿನ ಜೈಲು ತಪಾಸಣಾ ಇಲಾಖೆ ಇನ್ನೊಂದು ದಾರಿ ಹಿಡಿದಿದೆ. ತಪಾಸಣೆಯ ಹೊತ್ತಿಗೆ ಯಾವುದೇ ಆಯ್ಕೆ ಇಲ್ಲದೆ ಎತ್ತಿಕೊಂಡ ಒಂದಷ್ಟು ಕೈದಿಗಳಿಗೆ ಗುಟ್ಟಿನ ಪ್ರಶ್ನಾವಳಿ ಕೊಡುತ್ತದೆ. ಬಂದ ಉತ್ತರವನ್ನು ಅಂಥದೇ ಬೇರೆ ಜೈಲುಗಳ ಉತ್ತರದ ಜೊತೆ ಹೋಲಿಸುತ್ತದೆ. ಹೀಗೆ ಮಾಡಿದರೆ ಸಭೆಯಲ್ಲಿ ಬಾಯಿ ಬಿಡದವನ ಮಾತೂ ಲೆಕ್ಕಕ್ಕೆ ಬರುತ್ತದೆ.

ದೂರು ಕೊಟ್ಟ ಮರುದಿನ

ದೂರು ಕೊಟ್ಟವನು ಹೊರಗಿನವನ ಹಾಗೆ ಮನೆಗೆ ಹೋಗುವುದಿಲ್ಲ. ಯಾರ ಮೇಲೆ ದೂರಿದ್ದಾನೋ ಅವರ ಕೈಯಲ್ಲೇ ಇರುತ್ತಾನೆ. ಮರುದಿನ ಅವನ ಸೆಲ್ ತಪಾಸಣೆ ಆಗಬಹುದು. ಮನೆಯವರ ಭೇಟಿ ತಪ್ಪಬಹುದು. ದೂರದ ಜೈಲಿಗೆ ವರ್ಗ ಆಗಬಹುದು, ಆಗ ಹೆಂಡತಿ ಮಕ್ಕಳು ಬಸ್ಸಿಗೆ ದುಡ್ಡು ಹೊಂದಿಸಲಾರದೆ ನಿಲ್ಲುತ್ತಾರೆ. ಇದ್ಯಾವುದೂ ಕಾಗದದಲ್ಲಿ ಶಿಕ್ಷೆ ಎಂದು ದಾಖಲಾಗುವುದಿಲ್ಲ. ಮಂಡೇಲಾ ನಿಯಮಗಳ 57ನೆಯದು ದೂರುದಾರನಿಗೆ ಪ್ರತೀಕಾರದಿಂದ ರಕ್ಷಣೆ ಬೇಕು ಎನ್ನುವುದು ಇದಕ್ಕೇ.

ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಯ ಹತ್ತಿರವೇ ದೂರು ಕೊಡು ಎಂದರೆ ಏನಾಗುತ್ತದೆ? ಅಮೆರಿಕದ 1996ರ ಒಂದು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕೈದಿ ಕೋರ್ಟಿಗೆ ಹೋಗುವ ಮೊದಲು ಜೈಲಿನೊಳಗಿನ ದೂರು ವ್ಯವಸ್ಥೆಯ ಎಲ್ಲ ಮೆಟ್ಟಿಲು ಹತ್ತಿರಬೇಕು ಎಂದು ಆ ಕಾಯ್ದೆ ಹೇಳಿತು. ಒಳಗಿನ ಗಡುವುಗಳನ್ನೂ ತಪ್ಪದೆ ಪಾಲಿಸಿರಬೇಕು ಎಂದು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅರ್ಜಿ ತಡವಾದರೆ, ತಪ್ಪು ಫಾರಂ ತುಂಬಿದರೆ ಕೋರ್ಟಿನ ಬಾಗಿಲು ಮುಚ್ಚಬಹುದು. ಗಡುವು ಇಡುವವರು, ಫಾರಂ ಕೊಡುವವರು ಜೈಲಿನವರೇ. ಸುಳ್ಳು ಮೊಕದ್ದಮೆ ತಡೆಯಲು ತಂದ ನಿಯಮ ನಿಜವಾದ ದೂರನ್ನೂ ತಡೆಯಿತು.

ಇನ್ನು ಮುಂದೆ

ಕೈದಿಗಳಿಗೆ ಉಸ್ತುವಾರಿಯಲ್ಲೇ ಪಾಲು ಸಿಕ್ಕ ಒಂದು ಉದಾಹರಣೆ ಕ್ಯಾಲಿಫೋರ್ನಿಯಾದ್ದು. ಪೆಲಿಕನ್ ಬೇ ಜೈಲಿನಲ್ಲಿ 500ಕ್ಕೂ ಹೆಚ್ಚು ಜನ ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ಒಂಟಿ ಸೆಲ್‌ಗಳಲ್ಲಿದ್ದರು. ಬೇರೆ ಬೇರೆ ಜನಾಂಗದ, ಒಂದು ಕಾಲಕ್ಕೆ ಪರಸ್ಪರ ವೈರಿಗಳೆನಿಸಿದ್ದ ಗುಂಪುಗಳ ಕೈದಿಗಳು ಗೋಡೆಯ ಆಚೀಚೆ ಕೂಗಿ ಮಾತಾಡಿ ಒಂದಾದರು. 2012ರಲ್ಲಿ ಪರಸ್ಪರ ಹೊಡೆದಾಟ ನಿಲ್ಲಿಸುವ ಕರೆ ಕೊಟ್ಟರು. 2013ರ ಉಪವಾಸದ ಮೊದಲ ದಿನ ರಾಜ್ಯದ ಜೈಲುಗಳಲ್ಲಿ ಸುಮಾರು 30,000 ಜನ ಊಟ ಬಿಟ್ಟರು. 2015ರಲ್ಲಿ ಕೋರ್ಟಿನಲ್ಲಿ ರಾಜಿಯಾಯಿತು. ಆ ಒಪ್ಪಂದದ ಪ್ರಕಾರ ಕೈದಿಗಳ ಪ್ರತಿನಿಧಿಗಳು ಅಧಿಕಾರಿಗಳ ಜೊತೆ ಆಗಾಗ ಕೂತು, ಒಪ್ಪಿದ್ದು ಜಾರಿಯಾಗುತ್ತಿದೆಯಾ ಎಂದು ಪರಿಶೀಲಿಸಬೇಕಿತ್ತು. ಅಷ್ಟು ವರ್ಷದ ಹಸಿವು ಮತ್ತು ಮೊಕದ್ದಮೆಯ ನಂತರ ಸಿಕ್ಕದ್ದು ಒಂದು ಮೇಜಿನ ಎದುರಿನ ಕುರ್ಚಿ.

ಅಮೆರಿಕದ ಹೊಸ ಒಂಬುಡ್ಸ್‌ಮನ್‌ಗೆ ಬರುವ ದೂರುಗಳಿಗೆ ಉತ್ತರ ಕೊಡುವಷ್ಟು ಸಿಬ್ಬಂದಿ ಸಿಕ್ಕರೆ ಕಾಯ್ದೆ ಕೆಲಸ ಮಾಡುತ್ತದೆ. ಸಿಗದಿದ್ದರೆ ಕೈದಿಗಳು ಬರೆಯುವುದನ್ನೇ ಬಿಡುತ್ತಾರೆ. ಆಗ ದೂರು ಕಡಿಮೆಯಾಗಿದೆ ಎಂಬ ಅಂಕಿ ಅಂಶ ಬರುತ್ತದೆ, ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವ ಅಪಾಯ ಇದೆ. ಹಿಂಸೆ ತಡೆಯಲು ಜೈಲುಗಳಿಗೆ ಹೊರಗಿನವರ ಭೇಟಿಯನ್ನು ಕಡ್ಡಾಯ ಮಾಡುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ 90ಕ್ಕೂ ಹೆಚ್ಚು ದೇಶಗಳು ಸೇರಿವೆ. ಭಾರತ ಸೇರಿಲ್ಲ. ಅಮೆರಿಕವೂ ಸೇರಿಲ್ಲ. ಹಾಗಾಗಿ ಈ ಎರಡೂ ದೇಶಗಳಲ್ಲಿ ಭಾರವೆಲ್ಲ ದೇಶದೊಳಗಿನ ಕಾನೂನು ಮತ್ತು ಕೋರ್ಟಿನ ಮೇಲೆ ಬೀಳುತ್ತದೆ.

ಭಾರತದಲ್ಲಿ 2024ರ ತೀರ್ಪಿನಿಂದಾಗಿ ರಾಜ್ಯಗಳು ಜೈಲು ಕೈಪಿಡಿಗಳನ್ನು ಮತ್ತೆ ಬರೆಯಬೇಕಾಗಿ ಬಂದಿದೆ. ಜಾತಿಯ ಸಾಲುಗಳನ್ನು ಅಳಿಸುವುದು ಸುಲಭದ ಕೆಲಸ. ಬ್ಯಾರಕ್‌ನಲ್ಲಿ ಪೊರಕೆ ಯಾರ ಕೈಗೆ ಹೋಗುತ್ತಿದೆ ಎಂದು ತಿಳಿಯಬೇಕಾದರೆ ಆ ಪೊರಕೆ ಹಿಡಿದವನನ್ನೇ ಕೇಳಬೇಕು, ಅವನು ಹೆದರದೆ ಹೇಳುವಂತಿರಬೇಕು. ತಿದ್ದಿದ ಕೈಪಿಡಿ ನಿಮ್ಮ ಕಣ್ಣಿಗೆ ಬಿದ್ದರೆ ದೂರು ಪೆಟ್ಟಿಗೆಯ ಬಗ್ಗೆ ಬರೆದ ಪುಟ ಹುಡುಕಿ. ಪೆಟ್ಟಿಗೆ ತೆರೆಯುವವರು ಯಾರು, ಎಷ್ಟು ದಿನಕ್ಕೊಮ್ಮೆ, ಉತ್ತರ ಎಷ್ಟು ದಿನದಲ್ಲಿ ಬರಬೇಕು ಎಂದು ಬರೆದಿದೆಯಾ ನೋಡಿ. ಬೀಗದ ಕೈ ಸೂಪರಿಂಟೆಂಡೆಂಟ್ ಹತ್ತಿರ ಇರುತ್ತದೆ ಎಂದಿದ್ದರೆ, 1979ರ ಆದೇಶ ಇನ್ನೂ ಜಾರಿಯಾಗಿಲ್ಲ.